ಕಡೆತದ ಬಳಗ ಮತ್ತು ಉಳಿಯ ಅಲಗು: ಓದುಗರ ಪ್ರಶ್ನೆಗಳಿಗೆ ಉತ್ತರ

ಮರವನ್ನು ತಿರುಗಿಸುವ ಯಂತ್ರವಾದ ಲೇತ್ ಮೇಲೆ ಮರ ಕಡೆಯುವ ಹವ್ಯಾಸದ ಬಗ್ಗೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಎರಡು ವಿಷಯಗಳನ್ನು ಕೇಳುತ್ತವೆ. ಕಡೆತಗಾರರ ಕ್ಲಬ್ಬಿನ ಸಭೆಗಳಿಗೆ ಹೋಗುವುದರಿಂದ ಏನು ಸಿಗುತ್ತದೆ ಎಂಬುದು ಒಂದು, ಯಾವ ಉಳಿಗಳನ್ನು ಕೊಂಡು ಹೇಗೆ ಮಸೆಯಬೇಕು ಎಂಬುದು ಇನ್ನೊಂದು. ನನ್ನ ದೃಷ್ಟಿಯಲ್ಲಿ ಇವೆರಡನ್ನೂ ಒಟ್ಟಿಗೇ ಉತ್ತರಿಸಬೇಕು. ಅಲಗಿನ ಆಕಾರವನ್ನು ಪುಸ್ತಕದ ಚಿತ್ರ ತೋರಿಸಬಲ್ಲದು. ಆ ಅಲಗು ತಿರುಗುವ ಮರವನ್ನು ಮುಟ್ಟುವ ಗಳಿಗೆಯಲ್ಲಿ ಮೊಣಕೈ ಎಲ್ಲಿರಬೇಕು, ಹಿಡಿ ಎಷ್ಟು ತಗ್ಗಬೇಕು ಎಂಬುದನ್ನು ತಿದ್ದಲು ಪಕ್ಕದಲ್ಲಿ ನಿಂತ ಇನ್ನೊಬ್ಬ ಕಡೆತಗಾರರೇ ಬೇಕು.

ಪ್ರಶ್ನೆ: ನನ್ನ ಬಳಿ ಲೇತ್ ಇಲ್ಲ, ಒಂದೇ ಒಂದು ಬಟ್ಟಲನ್ನೂ ಕಡೆದಿಲ್ಲ. ಕ್ಲಬ್ಬಿನ ಸಭೆಗೆ ಹೋದರೆ ಅಲ್ಲಿ ಏನು ನಡೆಯುತ್ತದೆ? ಬರಿಗೈಯಲ್ಲಿ ಹೋಗಬಹುದೇ?

ಧಾರಾಳವಾಗಿ ಹೋಗಬಹುದು, ಮತ್ತು ಲೇತ್ ಕೊಳ್ಳುವ ಮೊದಲೇ ಹೋಗುವುದು ಅತ್ಯಂತ ಒಳ್ಳೆಯದು. ಬಹುತೇಕ ಕ್ಲಬ್ಬುಗಳ ಸಭೆ ಒಂದೇ ಬಗೆಯಲ್ಲಿ ಸಾಗುತ್ತದೆ: ಸ್ವಲ್ಪ ಹೊತ್ತು ಕ್ಲಬ್ಬಿನ ವ್ಯವಹಾರದ ಮಾತು, ಬಳಿಕ ಒಬ್ಬ ಸದಸ್ಯರು ಅಥವಾ ಅತಿಥಿ ಲೇತ್ ಮುಂದೆ ನಿಂತು ಒಂದು ವಸ್ತುವನ್ನು ಆರಂಭದಿಂದ ಕೊನೆಯವರೆಗೆ ಕಡೆದು ತೋರಿಸುವ ಪ್ರಾತ್ಯಕ್ಷಿಕೆ, ಅದರ ನಡುವೆ ಅಥವಾ ಕೊನೆಯಲ್ಲಿ ಸದಸ್ಯರು ತಾವು ಮಾಡಿ ತಂದ ವಸ್ತುಗಳನ್ನು ಮೇಜಿನ ಮೇಲಿಟ್ಟು ಅವುಗಳ ಬಗ್ಗೆ ಮಾತನಾಡುವ ಅವಧಿ. ಕೆಲವು ಕಡೆ ಮರದ ತುಂಡುಗಳ ವಿನಿಮಯವೂ, ಉಳಿ ಮತ್ತು ಮರವನ್ನು ಲೇತಿಗೆ ಹಿಡಿದಿಡುವ ಚಕ್‌ಗಳನ್ನು ಎರವಲು ಕೊಡುವ ವ್ಯವಸ್ಥೆಯೂ ಇರುತ್ತದೆ.

ಹೊಸಬರು ಸಾಮಾನ್ಯವಾಗಿ ಪ್ರಾತ್ಯಕ್ಷಿಕೆಯನ್ನೇ ಸಭೆಯ ಮುಖ್ಯ ಭಾಗವೆಂದು ಭಾವಿಸುತ್ತಾರೆ. ನನಗೆ ಮಾತ್ರ ಆ ಮೇಜು ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಅಲ್ಲಿರುವ ಬಟ್ಟಲನ್ನು ಮಾಡಿದವರ ಅನುಮತಿ ಪಡೆದು ಕೈಗೆತ್ತಿಕೊಳ್ಳಿ, ತಿರುಗಿಸಿ ತಳವನ್ನು ನೋಡಿ. ಚಕ್ ಹಿಡಿದಿದ್ದ ಗುರುತನ್ನು ಅವರು ಹೇಗೆ ತೆಗೆದಿದ್ದಾರೆ, ತಳ ಸ್ವಲ್ಪ ಒಳಬಾಗಿದೆಯೇ ಅಥವಾ ಚಪ್ಪಟೆಯಾಗಿ ಅಲುಗಾಡುತ್ತದೆಯೇ ಎಂಬುದನ್ನು ಗಮನಿಸಿ. ಬಳಿಕ ಹೆಬ್ಬೆರಳನ್ನು ಒಳಗೂ ಉಳಿದ ಬೆರಳುಗಳನ್ನು ಹೊರಗೂ ಇಟ್ಟು ಅಂಚಿನಿಂದ ತಳದ ಕಡೆಗೆ ಜಾರಿಸಿದರೆ, ಗೋಡೆಯ ದಪ್ಪ ಎಲ್ಲಿ ಏಕಾಏಕಿ ಬದಲಾಗುತ್ತದೆ ಎಂಬುದು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ. ಹೀಗೆ ಹತ್ತಾರು ಬಟ್ಟಲುಗಳನ್ನು ಮುಟ್ಟಿ ನೋಡಿದವರಿಗೆ, ತಮ್ಮ ಮೊದಲ ಬಟ್ಟಲನ್ನು ಕಡೆಯುವ ಹೊತ್ತಿಗೆ ತಾವು ಏನನ್ನು ಅರಸುತ್ತಿದ್ದೇವೆ ಎಂಬುದು ಗೊತ್ತಿರುತ್ತದೆ.

ಕಡೆಯಲು ಆರಂಭಿಸಿದ ಮೇಲೆ, ಚೆನ್ನಾಗಿ ಬಂದದ್ದನ್ನಷ್ಟೇ ಆ ಮೇಜಿಗೆ ತರಬೇಡಿ. ಮರದ ಎಳೆ ಕಿತ್ತುಬಂದದ್ದನ್ನು, ಬಿರುಕು ಬಿಟ್ಟದ್ದನ್ನು ತಂದು ತೋರಿಸಿದರೆ ಸಿಗುವ ಉತ್ತರಗಳು ಪ್ರಶಂಸೆಗಿಂತ ಹೆಚ್ಚು ಕಾಲ ಉಪಯೋಗಕ್ಕೆ ಬರುತ್ತವೆ.

ಪ್ರಶ್ನೆ: ಎಂಟು ಉಳಿಗಳ ಒಂದು ಸೆಟ್ ಮರದ ಪೆಟ್ಟಿಗೆಯಲ್ಲಿ ಸಿಗುತ್ತದೆ. ಅದನ್ನೇ ಕೊಂಡರೆ ಸಾಕಲ್ಲವೇ? ಕಾರ್ಬೈಡ್ ತುದಿಯ ಉಳಿಗಳು ಇನ್ನೂ ಸುಲಭ ಎಂದು ಒಬ್ಬರು ಹೇಳಿದರು.

ಸೆಟ್ ಕೊಳ್ಳುವುದನ್ನು ನಾನು ಪ್ರೋತ್ಸಾಹಿಸುವುದಿಲ್ಲ. ಎಂಟರಲ್ಲಿ ಮೂರೋ ನಾಲ್ಕೋ ನಿತ್ಯ ಕೈಗೆ ಬರುತ್ತವೆ, ಉಳಿದವು ಪೆಟ್ಟಿಗೆಯಲ್ಲೇ ಇರುತ್ತವೆ, ಮತ್ತು ಬೇಕಾದ ಆ ಮೂರ್ನಾಲ್ಕೂ ಬಹಳ ಸಲ ನಿಮ್ಮ ಕೆಲಸಕ್ಕೆ ತಕ್ಕ ಗಾತ್ರದಲ್ಲಿರುವುದಿಲ್ಲ.

ಮೊದಲು ತೀರ್ಮಾನಿಸಬೇಕಾದದ್ದು ನೀವು ಏನನ್ನು ಕಡೆಯಲಿದ್ದೀರಿ ಎಂಬುದನ್ನು. ಕಾಲು, ಹಿಡಿ, ಕಂಬಿಗಳಂತೆ ಎಳೆಯು ಲೇತ್‌ನ ಅಕ್ಷದ ಉದ್ದಕ್ಕೇ ಸಾಗುವ ಕೆಲಸವನ್ನು ಸ್ಪಿಂಡಲ್ ಕಡೆತ ಎನ್ನುತ್ತಾರೆ. ಅದಕ್ಕೆ ಚೌಕ ಮರವನ್ನು ಉರುಟಾಗಿಸುವ ರಫಿಂಗ್ ಗೌಜ್ (ಗೌಜ್ ಎಂದರೆ ಉದ್ದಕ್ಕೂ ತೋಡಿರುವ ಉಳಿ), ಉಬ್ಬು ತಗ್ಗುಗಳನ್ನು ಮೂಡಿಸುವ ಸ್ಪಿಂಡಲ್ ಗೌಜ್, ಅಳತೆಗೆ ಕಡಿದು ಬೇರ್ಪಡಿಸುವ ಪಾರ್ಟಿಂಗ್ ಉಳಿ ಮತ್ತು ಸ್ವಲ್ಪ ಕೈ ಪಳಗಿದ ಮೇಲೆ ಓರೆ ಅಲಗಿನ ಸ್ಕ್ಯೂ ಉಳಿ ಬೇಕು. ಬಟ್ಟಲುಗಳಿಗೆ ಒಂದು ಒಳ್ಳೆಯ ಬೌಲ್ ಗೌಜ್ ಮತ್ತು ಮರವನ್ನು ಕೆರೆದು ನಯಗೊಳಿಸುವ ಒಂದು ದುಂಡುಮೂತಿಯ ಸ್ಕ್ರೇಪರ್‌ನಿಂದ ಬಹುದೂರ ಸಾಗಬಹುದು. ಒಂದೇ ಉಳಿಗೆ ಹಣ ಹೊಂದಿಸಲು ಸಾಧ್ಯವಿದ್ದರೆ, ಮತ್ತು ಬಟ್ಟಲು ನಿಮ್ಮ ಆಸೆಯಾಗಿದ್ದರೆ, ಆ ಬೌಲ್ ಗೌಜನ್ನೇ ಕೊಳ್ಳಿ.

ಇಲ್ಲಿ ಒಂದು ಅಳತೆಯ ಗೊಂದಲವನ್ನು ಹೇಳಲೇಬೇಕು. ಬ್ರಿಟನ್ನಿನ ತಯಾರಕರು ಬೌಲ್ ಗೌಜನ್ನು ಅದರ ತೋಡಿನ ಅಗಲದಿಂದ ಅಳೆಯುವುದು ರೂಢಿ, ಅಮೆರಿಕದ ತಯಾರಕರು ಉಕ್ಕಿನ ಸರಳಿನ ವ್ಯಾಸದಿಂದ ಅಳೆಯುತ್ತಾರೆ. ಹೀಗಾಗಿ ಒಬ್ಬರು ಅರ್ಧ ಇಂಚು ಎಂದು ಮಾರುವ ಉಳಿಯನ್ನೇ ಇನ್ನೊಬ್ಬರು 5/8 ಇಂಚು ಎಂದು ಮಾರುತ್ತಿರಬಹುದು. ಸರಳಿನ ದಪ್ಪ ಎಷ್ಟು ಎಂದು ಕೇಳಿ ಕೊಳ್ಳಿ. ಸುಮಾರು 16 ಮಿಲಿಮೀಟರ್ ವ್ಯಾಸದ ಸರಳು ಉಳಿಗೆ ಆಧಾರ ಕೊಡುವ ಟೂಲ್ ರೆಸ್ಟ್‌ನಿಂದ ಸಾಕಷ್ಟು ಮುಂದೆ ಚಾಚಿದಾಗಲೂ ಹೆಚ್ಚು ಅದುರುವುದಿಲ್ಲ.

ಕಾರ್ಬೈಡ್ ಉಳಿಗಳ ವಿಷಯದಲ್ಲಿ ನನಗೆ ವಿರೋಧವಿಲ್ಲ. ತುದಿಯ ಚಿಕ್ಕ ಬಿಲ್ಲೆ ಮೊಂಡಾದರೆ ಅದನ್ನು ಸ್ವಲ್ಪ ತಿರುಗಿಸಿದರೆ ಹೊಸ ಅಂಚು ಸಿಗುತ್ತದೆ, ಮಸೆಯುವ ತಾಪತ್ರಯವಿಲ್ಲ, ಬಹಳ ಗಟ್ಟಿಯಾದ ಮರಕ್ಕೂ ರಾಳ ತುಂಬಿದ ತುಂಡುಗಳಿಗೂ ಅವು ಅನುಕೂಲ. ಆದರೆ ಅವುಗಳನ್ನು ಸಾಮಾನ್ಯವಾಗಿ ಮಟ್ಟವಾಗಿ ಹಿಡಿದು ಕೆರೆಯುವಂತೆ ಬಳಸುವುದರಿಂದ, ಮೃದುವಾದ ಮರದಲ್ಲಿ ಎಳೆಗಳು ಕಿತ್ತುಬರುತ್ತವೆ ಮತ್ತು ಆ ಒರಟನ್ನು ಮರಳು ಕಾಗದದಿಂದ ತಿದ್ದುತ್ತಾ ಕೂರಬೇಕಾಗುತ್ತದೆ. ಅವುಗಳಿಂದ ಆರಂಭಿಸಿದರೂ ಅಲ್ಲಿಗೇ ನಿಲ್ಲಬೇಡಿ ಎಂಬುದು ನನ್ನ ಸಲಹೆ.

ಪ್ರಶ್ನೆ: ಉಳಿಯನ್ನು ಗ್ರೈಂಡರಿನ ಸಾಣೆಕಲ್ಲಿಗೆ ಕೊಟ್ಟಾಗ ತುದಿ ನೀಲಿಯಾಯಿತು. ಹದ ಹೋಯಿತೇ? ಎಷ್ಟು ಮಸೆದರೂ ಹರಿತ ಕೆಲವೇ ನಿಮಿಷ ಉಳಿಯುತ್ತದೆ. ನನ್ನ ಉಳಿ ಕಳಪೆಯೋ, ನನ್ನ ಮಸೆತ ತಪ್ಪೋ?

ಬಂದ ಪತ್ರಗಳಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ಪ್ರಶ್ನೆ ಇದು, ಆದ್ದರಿಂದ ವಿವರವಾಗಿ ಉತ್ತರಿಸುತ್ತೇನೆ.

ನೀಲಿ ಬಣ್ಣದ ಅರ್ಥ ಉಕ್ಕಿನ ಜಾತಿಯನ್ನು ಅವಲಂಬಿಸಿದೆ. ಹಳೆಯ ಕಾರ್ಬನ್ ಉಕ್ಕಿನ ಉಳಿಯಾದರೆ ತುದಿ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ, ಅಷ್ಟು ಭಾಗದ ಗಡಸುತನ ಇಳಿದಿದೆ, ನೀಲಿಯಾದ ಭಾಗವನ್ನು ನಿಧಾನವಾಗಿ, ನೀರಿನಲ್ಲಿ ಅದ್ದುತ್ತಾ, ಪೂರ್ತಿ ಮಸೆದು ತೆಗೆಯಬೇಕು. ಹೈಸ್ಪೀಡ್ ಉಕ್ಕಿನ ಉಳಿಯಾದರೆ ಚಿಂತೆ ಬೇಡ. ಕಡೆತದ ಉಳಿಗಳಲ್ಲಿ ಸಾಮಾನ್ಯವಾದ ಎಂ2 ಎಂಬ ಉಕ್ಕಿನಲ್ಲಿ ಸುಮಾರು 6 ಶೇಕಡ ಟಂಗ್‌ಸ್ಟನ್, 5 ಶೇಕಡ ಮಾಲಿಬ್ಡಿನಮ್, 4 ಶೇಕಡ ಕ್ರೋಮಿಯಂ, 2 ಶೇಕಡ ವೆನೇಡಿಯಂ ಇರುತ್ತವೆ, ಮತ್ತು ಅದು 500 ಡಿಗ್ರಿ ದಾಟಿದರೂ ತನ್ನ ಹದವನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ. ಕಾದ ಹೈಸ್ಪೀಡ್ ಉಕ್ಕನ್ನು ಮಾತ್ರ ನೀರಿಗೆ ಅದ್ದಬೇಡಿ. ಹಠಾತ್ ತಂಪಿನಿಂದ ಅಲಗಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಬರಬಹುದು. ಯಾವ ಉಕ್ಕು ಎಂದು ತಿಳಿಯದಿದ್ದರೆ ಕಿಡಿಗಳನ್ನು ನೋಡಿ. ಕಾರ್ಬನ್ ಉಕ್ಕಿನ ಕಿಡಿಗಳು ಬಿಳಿ ಹಳದಿಯಾಗಿ, ತುದಿಯಲ್ಲಿ ನಕ್ಷತ್ರದಂತೆ ಸಿಡಿಯುತ್ತವೆ. ಹೈಸ್ಪೀಡ್ ಉಕ್ಕಿನವು ಮಂಕಾದ ಕೆಂಪು ಕಿತ್ತಳೆ ಗೆರೆಗಳಾಗಿ ಬೀಳುತ್ತವೆ.

ಎರಡನೆಯ ಭಾಗಕ್ಕೆ ಬರುತ್ತೇನೆ. ಹರಿತ ಕೆಲವೇ ನಿಮಿಷ ಉಳಿಯುವುದರಲ್ಲಿ ದೋಷವೇನೂ ಇಲ್ಲದಿರಬಹುದು. ಹೀಗೆ ಲೆಕ್ಕ ಹಾಕಿ: 10 ಇಂಚು ವ್ಯಾಸದ ಬಟ್ಟಲು ನಿಮಿಷಕ್ಕೆ 900 ಸುತ್ತು ತಿರುಗಿದರೆ ಅದರ ಅಂಚು ನಿಮಿಷಕ್ಕೆ 700 ಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ಹತ್ತು ನಿಮಿಷ ಕಡೆದರೆ ಆ ಚಿಕ್ಕ ಅಲಗು ಏಳು ಕಿಲೋಮೀಟರಿನಷ್ಟು ಮರವನ್ನು ಕತ್ತರಿಸಿದೆ. ಇಷ್ಟು ಕೆಲಸ ಮಾಡುವ ಅಲಗು ಬಡಗಿಯ ಕೈಯುಳಿಯಂತೆ ದಿನವಿಡೀ ಹರಿತವಾಗಿರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಅನುಭವಿಗಳು ಒಂದು ಬಟ್ಟಲಿನ ಅವಧಿಯಲ್ಲಿ ಹಲವು ಸಲ ಗ್ರೈಂಡರಿಗೆ ಹೋಗಿಬರುತ್ತಾರೆ, ಕೊನೆಯ ನಯವಾದ ಸುತ್ತನ್ನು ಯಾವಾಗಲೂ ಹೊಸದಾಗಿ ಮಸೆದ ಅಲಗಿನಿಂದಲೇ ತೆಗೆಯುತ್ತಾರೆ. ಆದ್ದರಿಂದ ಗ್ರೈಂಡರ್ ಲೇತ್‌ನಿಂದ ಎರಡು ಹೆಜ್ಜೆಯೊಳಗೇ ಇರಲಿ.

ಮಸೆಯುವಾಗ ಹೊಸಬರು ಮಾಡುವ ದೊಡ್ಡ ತಪ್ಪು ಪ್ರತಿ ಸಲವೂ ಕೋನವನ್ನು ಅಂದಾಜಿನಲ್ಲಿ ಹಿಡಿಯುವುದು. ಒಂದು ಸಲ 45 ಡಿಗ್ರಿ, ಇನ್ನೊಂದು ಸಲ 50 ಡಿಗ್ರಿ ಆದರೆ ಅಲಗಿಗೆ ಹೊಂದಿದ ಇಳಿಜಾರು ಮುಖದ ಮೇಲೆ ಹಲವು ಪಟ್ಟಿಗಳು ಬೀಳುತ್ತವೆ, ಮುಖ ಮರದ ಮೇಲೆ ಸ್ಥಿರವಾಗಿ ಕೂರುವುದಿಲ್ಲ, ಉಕ್ಕೂ ವ್ಯರ್ಥವಾಗಿ ಸವೆಯುತ್ತದೆ. ಬೌಲ್ ಗೌಜಿಗೆ 40 ರಿಂದ 60, ಸ್ಪಿಂಡಲ್ ಗೌಜಿಗೆ 30 ರಿಂದ 40, ರಫಿಂಗ್ ಗೌಜಿಗೆ ಸುಮಾರು 45, ಸ್ಕ್ರೇಪರಿಗೆ 70 ರಿಂದ 80 ಡಿಗ್ರಿ ರೂಢಿಯಲ್ಲಿವೆ. ಈ ಸಂಖ್ಯೆಗಳಲ್ಲಿ ಒಂದನ್ನು ಆರಿಸಿಕೊಂಡು ಅದನ್ನೇ ಮರಳಿ ಮರಳಿ ಪಡೆಯುವುದು ಸಂಖ್ಯೆಗಿಂತ ಮುಖ್ಯ. ಅದಕ್ಕಾಗಿ, ಉಳಿಯನ್ನು ಒಂದೇ ಕೋನದಲ್ಲಿ ಹಿಡಿದಿಡುವ ಜಿಗ್ ಬಳಸುವುದರಲ್ಲಿ ಯಾವ ಸಂಕೋಚವೂ ಬೇಡ.

ಜಿಗ್ ಇದ್ದರೂ ಒಂದು ಪರೀಕ್ಷೆಯನ್ನು ಅಭ್ಯಾಸ ಮಾಡಿಕೊಳ್ಳಿ. ಇಳಿಜಾರು ಮುಖಕ್ಕೆ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿದು, ಗ್ರೈಂಡರನ್ನು ಚಾಲೂ ಮಾಡದೆ, ಉಳಿಯನ್ನು ಸಾಣೆಕಲ್ಲಿಗೆ ತಾಗಿಸಿ ಕಲ್ಲನ್ನು ಕೈಯಿಂದ ಸ್ವಲ್ಪ ತಿರುಗಿಸಿ. ಬಣ್ಣ ಹಿಂಬದಿಯಲ್ಲಷ್ಟೇ ಹೋಗಿದ್ದರೆ ನೀವು ಹಿಡಿದ ಕೋನ ಮೊದಲಿಗಿಂತ ಚೂಪಾಗಿದೆ, ಅಲಗಿನ ಬಳಿಯಷ್ಟೇ ಹೋಗಿದ್ದರೆ ಮೊಂಡಾಗಿದೆ, ಮುಖದ ಉದ್ದಕ್ಕೂ ಹೋಗಿದ್ದರೆ ಸರಿಯಾಗಿದೆ. ಬಳಿಕ ಹಗುರಾಗಿ ಮಸೆಯಿರಿ. ಕಿಡಿಗಳು ಅಲಗನ್ನು ದಾಟಿ ಮೇಲ್ಭಾಗಕ್ಕೆ ಹರಿಯತೊಡಗಿದ ಕೂಡಲೇ ನಿಲ್ಲಿಸಿ, ಏಕೆಂದರೆ ಕೆಲಸ ಮುಗಿದಿದೆ. ಕೊನೆಗೆ ಅಲಗನ್ನು ದೀಪದ ಕೆಳಗೆ ನೇರವಾಗಿ ನೋಡಿ. ಮೊಂಡು ಜಾಗ ಬೆಳಕನ್ನು ಪ್ರತಿಫಲಿಸಿ ಸಣ್ಣ ಬಿಳಿ ಗೆರೆಯಾಗಿ ಹೊಳೆಯುತ್ತದೆ, ಹರಿತವಾದ ಅಲಗಿನಲ್ಲಿ ಹೊಳೆಯಲು ಅಗಲವೇ ಇರುವುದಿಲ್ಲ.

ಸಾಮಾನ್ಯ ಗ್ರೈಂಡರಿನೊಡನೆ ಬರುವ ಗಟ್ಟಿ ಬೂದು ಕಲ್ಲಿಗಿಂತ ಅಲ್ಯುಮಿನಿಯಂ ಆಕ್ಸೈಡಿನ ಬಿಳಿ ಕಲ್ಲು ಈ ಕೆಲಸಕ್ಕೆ ಉತ್ತಮ. ಅದರ ಮೈ ಹೊಳಪಾದಾಗ ವಜ್ರದ ಡ್ರೆಸರಿನಿಂದ ಹೆರೆಯಬೇಕು. ಸಿಬಿಎನ್ (ಕ್ಯೂಬಿಕ್ ಬೋರಾನ್ ನೈಟ್ರೈಡ್ ಎಂಬ ಅತಿ ಗಡಸು ವಸ್ತುವಿನ) ಚಕ್ರಗಳು ಸವೆಯುವುದೂ ಇಲ್ಲ, ಆಕಾರ ಕೆಡಿಸಿಕೊಳ್ಳುವುದೂ ಇಲ್ಲ ಎನ್ನುವಷ್ಟು ಬಾಳಿಕೆ ಬರುತ್ತವೆ, ಆದರೆ ಅವುಗಳ ಮೇಲೆ ಮೆದು ಕಬ್ಬಿಣವನ್ನು ಮಸೆದರೆ ಲೋಹದ ಪುಡಿ ಅಂಟಿ ಮೈ ಕಟ್ಟಿಕೊಳ್ಳುತ್ತದೆ. ಇಷ್ಟೆಲ್ಲ ಓದುವುದಕ್ಕಿಂತ ನಿಮ್ಮ ಕ್ಲಬ್ಬಿನಲ್ಲಿ ಮಸೆಯುವುದಕ್ಕೆಂದೇ ಒಂದು ದಿನ ಮೀಸಲಿಡಲು ಕೇಳಿಕೊಳ್ಳಿ. ನಿಮ್ಮದೇ ಉಳಿಯನ್ನು ಒಬ್ಬ ನುರಿತವರು ಒಮ್ಮೆ ಸರಿಯಾಗಿ ಮಸೆದುಕೊಟ್ಟು, ಅದರಿಂದ ನೀವು ಕಡೆದಾಗ ಉದ್ದನೆಯ ಸುರುಳಿ ಸಿಪ್ಪೆ ಸಿಡಿಯದೆ ಹಾರಿ ಬರುವುದನ್ನು ಕಂಡರೆ, ಹರಿತವೆಂದರೇನು ಎಂಬ ಪ್ರಶ್ನೆ ಅಲ್ಲಿಗೇ ತೀರುತ್ತದೆ.

ಪ್ರಶ್ನೆ: ಬಟ್ಟಲಿನ ಹೊರಮೈಯನ್ನು ರಫಿಂಗ್ ಗೌಜಿನಿಂದ ಉರುಟು ಮಾಡಲು ಹೋದಾಗ ಕ್ಲಬ್ಬಿನ ಹಿರಿಯ ಸದಸ್ಯರೊಬ್ಬರು ಲೇತನ್ನೇ ನಿಲ್ಲಿಸಿಬಿಟ್ಟರು. ಅಷ್ಟು ಕಠಿಣವಾಗಿ ನಡೆದುಕೊಳ್ಳುವ ಅಗತ್ಯವಿತ್ತೇ?

ಇತ್ತು. ಅವರಿಗೆ ಕೃತಜ್ಞತೆ ಹೇಳಿ.

ರಫಿಂಗ್ ಗೌಜಿನ ತೋಡು ಅಗಲವಾಗಿ ಭಾರಿಯಾಗಿ ಕಂಡರೂ, ಹಿಡಿಯೊಳಗೆ ಸೇರುವ ಅದರ ಬಾಲ ಸಾಮಾನ್ಯವಾಗಿ ಒಂದು ಕಿರಿದಾದ ಚಪ್ಪಟೆ ಪಟ್ಟಿ. ಸ್ಪಿಂಡಲ್ ಕೆಲಸದಲ್ಲಿ ಅಲಗು ಸದಾ ಎಳೆಯ ಪಕ್ಕವನ್ನೇ ಕತ್ತರಿಸುವುದರಿಂದ ಅಷ್ಟು ಬಲ ಸಾಕು. ಬಟ್ಟಲಿನ ಮರವನ್ನು ಎಳೆ ಅಡ್ಡವಾಗಿರುವಂತೆ ಕೂರಿಸುತ್ತೇವೆ. ಹಾಗಾಗಿ ಮರ ಒಂದು ಸುತ್ತು ತಿರುಗುವಷ್ಟರಲ್ಲಿ ಎರಡು ಸಲ ಅಲಗು ಎಳೆಯ ತುದಿಗೆ ನೇರವಾಗಿ ಹೊಡೆಯುತ್ತದೆ. ಅಗಲವಾದ ಆ ಗೌಜಿನ ಚೂಪು ಮೂಲೆ ಅಲ್ಲಿ ಒಮ್ಮೆ ಸಿಕ್ಕಿಕೊಂಡರೆ ಸಂಪೂರ್ಣ ಹೊಡೆತ ಆ ಪಟ್ಟಿಯ ಮೇಲೆ ಬೀಳುತ್ತದೆ, ಪಟ್ಟಿ ಬಾಗುತ್ತದೆ ಅಥವಾ ತುಂಡಾಗುತ್ತದೆ, ಬಿಡಿಯಾದ ಉಕ್ಕು ಎಲ್ಲಿಗೆ ಹಾರುತ್ತದೆ ಎಂಬುದನ್ನು ಯಾರೂ ಹೇಳಲಾರರು. ಈ ಕಾರಣಕ್ಕೇ ಹಲವು ತಯಾರಕರು ಈಗ ಅದನ್ನು ಸ್ಪಿಂಡಲ್ ರಫಿಂಗ್ ಗೌಜ್ ಎಂದು ಪೂರ್ತಿ ಹೆಸರಿನಿಂದ ಮಾರುತ್ತಾರೆ. ಬೌಲ್ ಗೌಜನ್ನು ಇಡಿಯ ಉರುಟು ಸರಳಿನಲ್ಲಿ ತೋಡು ಕೊರೆದು ಮಾಡಿರುತ್ತಾರೆ, ಅದೇ ದಪ್ಪ ಹಿಡಿಯೊಳಗೂ ಸಾಗುತ್ತದೆ.

ಪ್ರಶ್ನೆ: ಸ್ಕ್ಯೂ ಉಳಿ ಪದೇ ಪದೇ ಮರಕ್ಕೆ ನೆಟ್ಟುಕೊಂಡು ಸುರುಳಿ ಗಾಯ ಮಾಡುತ್ತದೆ. ಬಟ್ಟಲಿನ ಒಳಮೈಯಲ್ಲಿಯೂ ಎಳೆ ಕಿತ್ತುಬರುತ್ತದೆ. ಪರಿಹಾರವೇನು?

ಎರಡಕ್ಕೂ ಮೂಲ ಒಂದೇ ಜಾಗದಲ್ಲಿದೆ. ಮೊದಲು ಉಳಿ ಟೂಲ್ ರೆಸ್ಟ್ ಮೇಲೆ ಭದ್ರವಾಗಿ ಕೂರಬೇಕು, ಬಳಿಕ ಇಳಿಜಾರು ಮುಖದ ಹಿಂಬದಿ ಮರವನ್ನು ಸವರಬೇಕು, ಆಮೇಲಷ್ಟೇ ಹಿಡಿಯನ್ನು ನಿಧಾನವಾಗಿ ಎತ್ತುತ್ತಾ ಅಲಗನ್ನು ಕತ್ತರಿಸಲು ಬಿಡಬೇಕು. ಮುಖದ ಆಧಾರವಿಲ್ಲದೆ ಅಲಗು ಒಂಟಿಯಾಗಿ ಮರವನ್ನು ಮುಟ್ಟಿದರೆ ತಿರುಗುವ ಮರ ಅದನ್ನು ಒಳಕ್ಕೆಳೆದುಕೊಳ್ಳುತ್ತದೆ. ಸ್ಕ್ಯೂ ಉಳಿಯಲ್ಲಿ ಅಲಗಿನ ಮಧ್ಯದಿಂದ ಕೆಳಗಿನ ಗಿಡ್ಡ ಮೂಲೆಯವರೆಗಿನ ಭಾಗವನ್ನಷ್ಟೇ ಕತ್ತರಿಸಲು ಬಳಸಿ, ಮೇಲಿನ ಉದ್ದ ಮೂಲೆ ಮರದಿಂದ ದೂರವೇ ಇರಲಿ. ಅಗಲವಾದ ಉಳಿ ಕಲಿಯುವವರಿಗೆ ಸುಲಭ, ಏಕೆಂದರೆ ಆ ಮೂಲೆಗೂ ಮರಕ್ಕೂ ನಡುವೆ ಹೆಚ್ಚು ಅಂತರ ಉಳಿಯುತ್ತದೆ.

ಎಳೆ ಕಿತ್ತುಬರುವುದಕ್ಕೆ ಮೊಂಡು ಅಲಗು ಒಂದು ಕಾರಣ, ದಿಕ್ಕು ಇನ್ನೊಂದು. ಕತ್ತರಿಸುತ್ತಿರುವ ಎಳೆಯ ಹಿಂದೆ ಅದಕ್ಕೆ ಆಧಾರವಾಗಿ ಇನ್ನೊಂದು ಎಳೆ ಇರುವಂತೆ ಸಾಗಬೇಕು. ಸ್ಪಿಂಡಲ್ ಕೆಲಸದಲ್ಲಿ ದಪ್ಪದಿಂದ ಸಪೂರದ ಕಡೆಗೆ, ಅಡ್ಡ ಎಳೆಯ ಬಟ್ಟಲಿನ ಹೊರಮೈಯಲ್ಲಿ ತಳದಿಂದ ಅಂಚಿನ ಕಡೆಗೆ, ಒಳಮೈಯಲ್ಲಿ ಅಂಚಿನಿಂದ ತಳದ ಕಡೆಗೆ ಹೋದರೆ ಈ ಆಧಾರ ತಾನಾಗಿ ಸಿಗುತ್ತದೆ. ಒಳಮೈಯ ಕೊನೆಯ ಒರಟನ್ನು ಸ್ಕ್ರೇಪರಿನಿಂದ ತೆಗೆಯುವುದಾದರೆ ಹಿಡಿಯನ್ನು ಸ್ವಲ್ಪ ಎತ್ತಿ, ತುದಿ ಕೆಳಮುಖವಾಗಿರುವಂತೆ, ಮಧ್ಯರೇಖೆಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಕೂದಲೆಳೆಯಷ್ಟು ಮೇಲೆ ಕೆಲಸ ಮಾಡಿ. ಆಗ ಉಳಿ ಸಿಕ್ಕಿಕೊಂಡರೂ ತುದಿ ಖಾಲಿ ಜಾಗಕ್ಕೆ ಜಾರುತ್ತದೆ.

ಪ್ರಶ್ನೆ: ಕ್ಲಬ್ಬಿನ ವಿನಿಮಯದಲ್ಲಿ ಹಸಿ ಮರದ ಕೊರಡೊಂದು ಸಿಕ್ಕಿತು. ಅದರಿಂದ ಕಡೆದ ಬಟ್ಟಲು ಒಂದೇ ವಾರದಲ್ಲಿ ಸೀಳಿತು. ಹಸಿ ಮರವನ್ನು ತೆಗೆದುಕೊಳ್ಳಲೇಬಾರದೇ?

ಖಂಡಿತ ತೆಗೆದುಕೊಳ್ಳಿ. ಹಸಿ ಮರ ಕಡೆಯಲು ಮೃದು, ಧೂಳೂ ಕಡಿಮೆ. ಅದರ ಸ್ವಭಾವವನ್ನು ಅರಿತು ಎರಡು ಹಂತದಲ್ಲಿ ಕಡೆಯಬೇಕು, ಅಷ್ಟೇ.

ಮರದ ತೇವ ಸುಮಾರು 30 ಶೇಕಡಕ್ಕಿಂತ ಕೆಳಗಿಳಿದ ಮೇಲೆ ಅದು ಕುಗ್ಗಲು ಆರಂಭಿಸುತ್ತದೆ. ಈ ಕುಗ್ಗುವಿಕೆ ಎಲ್ಲ ದಿಕ್ಕಿನಲ್ಲೂ ಸಮನಾಗಿರುವುದಿಲ್ಲ: ಉದ್ದಕ್ಕೆ ತೀರಾ ಕಡಿಮೆ, ವಾರ್ಷಿಕ ಬಳೆಗಳ ಸುತ್ತಿನ ದಿಕ್ಕಿನಲ್ಲಿ ತಿರುಳಿನಿಂದ ತೊಗಟೆಯ ದಿಕ್ಕಿಗಿಂತ ಹೆಚ್ಚುಕಡಿಮೆ ಎರಡರಷ್ಟು. ಉರುಟು ಬಟ್ಟಲು ಒಣಗಿದಾಗ ಮೊಟ್ಟೆಯಾಕಾರ ತಾಳುವುದು ಇದರಿಂದಲೇ. ಕೊರಡಿನ ನಟ್ಟನಡುವಿನ ತಿರುಳನ್ನು ಬಟ್ಟಲಿನಲ್ಲಿ ಉಳಿಸಿದ್ದರೆ ಸೀಳು ಬಹುತೇಕ ಖಚಿತ, ನಿಮ್ಮದು ಸೀಳಿದ್ದೂ ಅದಕ್ಕೇ ಇರಬಹುದು. ತಿರುಳನ್ನು ಕೊಯ್ದು ತೆಗೆಯಿರಿ. ಗೋಡೆಯ ದಪ್ಪವನ್ನು ವ್ಯಾಸದ ಹತ್ತನೆಯ ಒಂದು ಭಾಗದಷ್ಟು, ಅಂದರೆ 250 ಮಿಲಿಮೀಟರ್ ಬಟ್ಟಲಿಗೆ 25 ಮಿಲಿಮೀಟರ್, ಎಲ್ಲೆಡೆ ಸಮನಾಗಿ ಬಿಡಿ. ಎಳೆಯ ತುದಿಗಳು ತೆರೆದಿರುವ ಭಾಗಕ್ಕೆ ಮೇಣ ಬಳಿದು, ಕಾಗದದ ಚೀಲದಲ್ಲಿಟ್ಟು, ಗಾಳಿ ನೇರವಾಗಿ ಬೀಸದ ಕಡೆ ಇಡಿ. ಆಗಾಗ ತೂಕ ಮಾಡಿ ಬಟ್ಟಲಿನ ಮೇಲೆಯೇ ಬರೆದಿಡಿ. ತೂಕ ಇಳಿಯುವುದು ನಿಂತಾಗ ಮತ್ತೆ ಲೇತಿಗೇರಿಸಿ ಉರುಟು ಮಾಡಿ. ತಿಂಗಳುಗಟ್ಟಲೆ ಕಾಯಬೇಕಾದೀತು, ಆದ್ದರಿಂದ ಹಲವು ಬಟ್ಟಲುಗಳನ್ನು ಒಟ್ಟಿಗೇ ಅರ್ಧಕ್ಕೆ ಕಡೆದಿಡುವುದು ಜಾಣತನ.

ಪ್ರಶ್ನೆ: ನಾನು ಒಂದು ಕಡೆತಗಾರರ ಕ್ಲಬ್ಬಿನ ಕಾರ್ಯದರ್ಶಿ. ಪ್ರಾತ್ಯಕ್ಷಿಕೆಗಳಿಗೆ ಜನ ಬರುತ್ತಾರೆ, ನೋಡುತ್ತಾರೆ, ಚಪ್ಪಾಳೆ ತಟ್ಟಿ ಹೋಗುತ್ತಾರೆ. ಸದಸ್ಯರ ಕೆಲಸ ಮಾತ್ರ ಸುಧಾರಿಸುತ್ತಿಲ್ಲ. ಏನು ಮಾಡಬಹುದು?

ನಿಮ್ಮ ಕಳವಳ ಎಷ್ಟೋ ಕ್ಲಬ್ಬುಗಳದ್ದೂ ಹೌದು. ನೋಡುವವರ ಕೈಗೆ ಉಳಿ ಬರದಿದ್ದರೆ ಕಲಿಕೆ ನಡೆಯುವುದಿಲ್ಲ. ಪ್ರಾತ್ಯಕ್ಷಿಕೆಯನ್ನು ಅರ್ಧಕ್ಕೆ ಇಳಿಸಿ, ಉಳಿದ ಸಮಯದಲ್ಲಿ ಎರಡು ಮೂರು ಚಿಕ್ಕ ಲೇತ್‌ಗಳನ್ನಿಟ್ಟು, ಪ್ರತಿಯೊಂದರ ಬಳಿ ಒಬ್ಬ ಅನುಭವಿ ನಿಂತು, ಈಗಷ್ಟೇ ನೋಡಿದ ಒಂದೇ ಒಂದು ಕ್ರಿಯೆಯನ್ನು ಎಲ್ಲರಿಂದಲೂ ಮಾಡಿಸಿ. ಉದಾಹರಣೆಗೆ ಒಂದು ಉಬ್ಬನ್ನು ಕಡೆಯುವುದು. ಹೂದಾನಿ ಪೂರ್ತಿಯಾಗಬೇಕಿಲ್ಲ. ಮುಂದಿನ ಸಭೆಗೆ ಎಲ್ಲರೂ ಒಂದೇ ಅಳತೆಯ ಒಂದೇ ವಸ್ತುವನ್ನು ಮಾಡಿ ತರಲಿ. ಹತ್ತು ಮಂದಿಯ ಒಂದೇ ನಕ್ಷೆಯ ಹಿಡಿಗಳು ಸಾಲಾಗಿ ಮೇಜಿನ ಮೇಲಿದ್ದರೆ, ಯಾವುದರ ವಕ್ರರೇಖೆ ಸರಾಗವಾಗಿದೆ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗುವುದಿಲ್ಲ.

ಪ್ರಾತ್ಯಕ್ಷಿಕೆ ನಡೆಯುವಾಗ ಉಳಿಯ ತುದಿ ಹಿಂದಿನ ಸಾಲಿಗೂ ಕಾಣುವಂತೆ ಕ್ಯಾಮೆರಾ ಮತ್ತು ಪರದೆಯನ್ನು ಹೊಂದಿಸಿ. ಸುರಕ್ಷತೆಯಲ್ಲಿ ರಿಯಾಯಿತಿ ಬೇಡ: ಮರ ತಿರುಗುವ ಸಮತಲದ ನೇರಕ್ಕೆ ಒಂದು ಕುರ್ಚಿಯೂ ಇರಬಾರದು, ಏಕೆಂದರೆ ಮರ ಸಿಡಿದರೆ ಆ ನೇರಕ್ಕೇ ಹಾರುತ್ತದೆ. ವ್ಯಾಸವನ್ನು ಇಂಚಿನಲ್ಲಿಯೂ ವೇಗವನ್ನು ನಿಮಿಷದ ಸುತ್ತುಗಳಲ್ಲಿಯೂ ತೆಗೆದುಕೊಂಡು ಗುಣಿಸಿದರೆ ಬರುವ ಸಂಖ್ಯೆ 6000 ದಿಂದ 9000 ದೊಳಗಿರಬೇಕು ಎಂಬ ರೂಢಿಯ ಸೂತ್ರವನ್ನು ಗೋಡೆಗೆ ಬರೆದು ಹಾಕಿ. 10 ಇಂಚಿನ ಮರಕ್ಕೆ 600 ರಿಂದ 900 ಸುತ್ತು. ಅದು ಸಮತೂಕದಲ್ಲಿಲ್ಲದಿದ್ದರೆ ಅದಕ್ಕಿಂತಲೂ ಕಡಿಮೆ. ಚಾಲೂ ಮಾಡುವ ಮೊದಲು ಮರವನ್ನು ಕೈಯಿಂದ ಒಂದು ಪೂರ್ತಿ ಸುತ್ತು ತಿರುಗಿಸಿ ನೋಡುವುದು, ಮುಖಕವಚ ಧರಿಸುವುದು, ಕೈಗವಸು ಮತ್ತು ಸಡಿಲ ತೋಳುಗಳನ್ನು ದೂರವಿಡುವುದು ಪ್ರಾತ್ಯಕ್ಷಿಕೆ ನೀಡುವವರಿಗೂ ಅನ್ವಯಿಸಬೇಕು. ಹೊಸಬರು ಅವರನ್ನೇ ಅನುಕರಿಸುತ್ತಾರೆ.

ಪ್ರಶ್ನೆ: ಇಂಥ ಕ್ಲಬ್ಬುಗಳು ಯಾವಾಗಿನಿಂದ ಇವೆ?

ಕಡೆತದ ಕಸುಬು ಬಹಳ ಹಳೆಯದು. ಈಜಿಪ್ಟಿನ ಪೆಟೋಸಿರಿಸ್ ಎಂಬವನ ಸಮಾಧಿಯಲ್ಲಿ, ಕ್ರಿಸ್ತಪೂರ್ವ 300 ರ ಸುಮಾರಿನ ಒಂದು ಉಬ್ಬುಚಿತ್ರದಲ್ಲಿ, ಒಬ್ಬ ಪಟ್ಟಿಯಿಂದ ಮರವನ್ನು ತಿರುಗಿಸುತ್ತಿದ್ದು ಇನ್ನೊಬ್ಬ ಉಳಿ ಹಿಡಿದಿರುವ ದೃಶ್ಯವಿದೆ. ಲಂಡನ್ನಿನ ಕಡೆತಗಾರರ ಸಂಘಕ್ಕೆ 1604 ರಲ್ಲಿ ರಾಜಸನ್ನದು ದೊರೆಯಿತು, ಆದರೆ ಅದು ವೃತ್ತಿನಿರತರದ್ದು. ಹವ್ಯಾಸಿಗಳನ್ನೂ ಒಳಗೊಂಡ ಇಂದಿನ ಸ್ಥಳೀಯ ಕ್ಲಬ್ಬುಗಳ ಬೆಳವಣಿಗೆಗೆ ಒತ್ತಾಸೆಯಾದದ್ದು 1986 ರಲ್ಲಿ ಅಮೆರಿಕದಲ್ಲಿಯೂ 1987 ರಲ್ಲಿ ಬ್ರಿಟನ್ನಿನಲ್ಲಿಯೂ ಆರಂಭವಾದ ರಾಷ್ಟ್ರಮಟ್ಟದ ಕಡೆತಗಾರರ ಸಂಘಗಳು. ಅಮೆರಿಕದ ಸಂಘದ ಮೊದಲ ಅಧ್ಯಕ್ಷರಾಗಿದ್ದ ಡೇವಿಡ್ ಎಲ್ಸ್‌ವರ್ತ್ ಅವರ ಹೆಸರು, ತೋಡಿನ ಎರಡೂ ಬದಿಯ ಅಂಚುಗಳಾದ ರೆಕ್ಕೆಗಳನ್ನು ಹಿಂದಕ್ಕೆ ಉದ್ದವಾಗಿ ಮಸೆದ ಬೌಲ್ ಗೌಜಿನ ಒಂದು ಆಕಾರಕ್ಕೆ ಇಂದಿಗೂ ಅಂಟಿಕೊಂಡಿದೆ.

ಪ್ರಶ್ನೆ: ಮುಖಕವಚ ಹಾಕಿಕೊಂಡರೆ ಧೂಳಿಗೆ ಬೇರೆ ಮಾಸ್ಕ್ ಬೇಕೇ?

ಬೇಕೇ ಬೇಕು. ಮುಖಕವಚ ಸಿಡಿಯುವ ತುಂಡನ್ನು ತಡೆಯುತ್ತದೆ, ಗಾಳಿಯಲ್ಲಿ ತೇಲುವ ನುಣುಪು ಧೂಳು ಅದರ ಕೆಳಗಿನಿಂದ ನುಸುಳುತ್ತದೆ. ಮರದ ಧೂಳನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಬೀಟೆಯಂಥ ಮರಗಳ ಧೂಳು ಚರ್ಮಕ್ಕೂ ಉಸಿರಿಗೂ ಅಲರ್ಜಿ ತರಬಲ್ಲದು, ಮತ್ತು ಆ ಅಲರ್ಜಿ ವರ್ಷಗಳ ಬಳಿಕವೂ ತಲೆದೋರಬಹುದು. ಮರಳು ಕಾಗದ ಹಿಡಿಯುವಾಗ ಧೂಳು ಹೀರುವ ಯಂತ್ರದ ಬಾಯಿ ಮರದ ಪಕ್ಕದಲ್ಲೇ ಇರಲಿ, ಮೂಗಿಗೆ ಬಿಗಿಯಾಗಿ ಕೂರುವ ಮಾಸ್ಕ್ ಇರಲಿ, ಕೆಲಸ ಮುಗಿದ ಕೂಡಲೇ ಅದನ್ನು ತೆಗೆಯಬೇಡಿ.

ಪ್ರಶ್ನೆ: ಕ್ಲಬ್ಬಿನಿಂದ ಎರವಲು ತಂದ ನಾಲ್ಕು ದವಡೆಯ ಚಕ್ ನನ್ನ ಲೇತಿಗೆ ಕೂರುತ್ತಿಲ್ಲ. ಬಲವಂತವಾಗಿ ತಿರುಗಿಸಬಹುದೇ?

ಬೇಡ. ಲೇತ್‌ನ ತಿರುಗುವ ದಂಡವಾದ ಸ್ಪಿಂಡಲ್ ಮೇಲಿನ ತಿರುಪು ಎಲ್ಲದರಲ್ಲಿ ಒಂದೇ ಅಲ್ಲ: 1 ಇಂಚು ವ್ಯಾಸಕ್ಕೆ ಇಂಚಿಗೆ 8 ತಿರುಪು ಸುತ್ತು, 1¼ ಇಂಚು ವ್ಯಾಸಕ್ಕೆ ಇಂಚಿಗೆ 8 ಸುತ್ತು, 33 ಮಿಲಿಮೀಟರ್ ವ್ಯಾಸಕ್ಕೆ 3.5 ಮಿಲಿಮೀಟರ್ ಅಂತರದ ಸುತ್ತು ಸಾಮಾನ್ಯವಾದ ಮೂರು ಅಳತೆಗಳು. ಬಹಳಷ್ಟು ಚಕ್‌ಗಳಿಗೆ ಬದಲಾಯಿಸಬಹುದಾದ ಅಡಾಪ್ಟರ್ ಇರುತ್ತದೆ, ನಿಮ್ಮ ಅಳತೆಯದನ್ನು ಕ್ಲಬ್ಬಿನ ಸಾಮಾನು ನೋಡಿಕೊಳ್ಳುವವರ ಬಳಿ ಕೇಳಿ. ಸರಿಯಾದದ್ದು ಸಿಕ್ಕ ಮೇಲೆ, ಚಕ್‌ನ ಹಿಂಭಾಗ ಸ್ಪಿಂಡಲ್‌ನ ಭುಜಕ್ಕೆ ಸಂದಿಲ್ಲದೆ ಒತ್ತಿ ಕೂತಿದೆಯೇ ಎಂದು ನೋಡಿ. ಬಟ್ಟಲಿನ ತಳದಲ್ಲಿ ಚಕ್ ಹಿಡಿಯಲೆಂದು ಕಡೆದ ಗೂಟದ ಭುಜವೂ ಹಾಗೆಯೇ ದವಡೆಗಳ ಮೇಲ್ಭಾಗಕ್ಕೆ ತಾಗಿ ಕೂರಬೇಕು, ಗೂಟದ ತುದಿ ಚಕ್‌ನ ತಳಕ್ಕೆ ತಾಗಬಾರದು. ದವಡೆಗಳು ಬಹುತೇಕ ಪೂರ್ಣ ವೃತ್ತವಾಗುವ ಅಳತೆಗೆ ಗೂಟವನ್ನು ಕಡೆದರೆ ಹಿಡಿತ ಅತ್ಯಂತ ಭದ್ರ. ಚಕ್ ಹಿಂದಿರುಗಿಸುವ ಮೊದಲು ದವಡೆಗಳ ಸಂದಿನಿಂದ ಸಿಪ್ಪೆ ಮತ್ತು ಧೂಳನ್ನು ಬ್ರಷ್ಷಿನಿಂದ ತೆಗೆದುಕೊಡಿ.